ಸ್ಪೋರ್ಟ್ಸ್ ವಾಚಿನ ದಾಖಲೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ನೆತ್ತಿಯನ್ನು ಹತ್ತಿ ಇಳಿದವರ ವಾಚಿನಲ್ಲಿ ದಾರಿ, ಏರಿಳಿತ, ಹೃದಯ ಬಡಿತ ಎಲ್ಲವೂ ದಾಖಲಾಗಿರುತ್ತವೆ. ಸಾಮಾನ್ಯವಾಗಿ ಇವು ಬ್ಲೂಟೂತ್ ಮೂಲಕ ಫೋನಿಗೂ ಅಲ್ಲಿಂದ ಕಂಪನಿಯ ಸರ್ವರಿಗೂ ಹೋಗುತ್ತವೆ. ಆದರೆ ಚಿಕ್ಕಮಗಳೂರಿನ ಕಡೆಯ ತೋಟದ ಮನೆಗಳಲ್ಲಿ ನೆಟ್‌ವರ್ಕನ್ನು ನಂಬಿ ಕೂರುವಂತಿಲ್ಲವಾದ್ದರಿಂದ, ಕೇಬಲ್ ಹಾಕಿ ಮೂಲ ಕಡತವನ್ನೇ ನಕಲು ಮಾಡಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಭದ್ರವಾದ ಕ್ರಮ. ಇಲ್ಲಿನ ವಿವರಣೆ ಗಾರ್ಮಿನ್ ವಾಚುಗಳಿಗೆ ಸಂಬಂಧಿಸಿದ್ದು. ಪೋಲಾರ್ ವಾಚುಗಳಿಗೆ ಫ್ಲೋಸಿಂಕ್ ಎಂಬ ಪ್ರತ್ಯೇಕ ತಂತ್ರಾಂಶವಿದೆ.

ವಾಚು ಚಾರ್ಜ್ ಆಗುತ್ತಿದ್ದರೂ ಕಂಪ್ಯೂಟರಿನಲ್ಲಿ ಕಾಣಿಸದಿದ್ದರೆ ಮೊದಲು ಕೇಬಲನ್ನೇ ಶಂಕಿಸಬೇಕು. ಸಾಮಾನ್ಯ ಯುಎಸ್‌ಬಿ ಕೇಬಲಿನೊಳಗೆ ಎರಡು ತಂತಿಗಳು ವಿದ್ಯುತ್ತಿಗೂ ಇನ್ನೆರಡು ಮಾಹಿತಿಯ ಸಾಗಣೆಗೂ ಇರುತ್ತವೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಈ ಎರಡನೆಯ ಜೋಡಿಯೇ ಇರುವುದಿಲ್ಲ. ಕೇಬಲ್ ಸರಿಯಿದ್ದರೆ ವಾಚಿನ ಹಿಂಬದಿಯ ಲೋಹದ ಬಿಂದುಗಳನ್ನು ನೋಡಬೇಕು. ಬೆವರಿನ ಉಪ್ಪು ಅಲ್ಲಿ ಕಟ್ಟಿಕೊಂಡು ಸಂಪರ್ಕ ತಪ್ಪಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿದ ಮೇಲೆಯೇ ಕೇಬಲ್ ಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಒಣಗಿಸುವ ಕೆಲಸಕ್ಕೆ ತುಸು ತಾಳ್ಮೆ ಬೇಕಾಗುತ್ತದೆ, ಏಕೆಂದರೆ ತೇವವಿರುವಾಗ ವಿದ್ಯುತ್ ಹರಿದರೆ ಲೋಹ ಬೇಗನೆ ಸವೆಯುತ್ತದೆ.

ಹಳೆಯ ಮಾದರಿಗಳು ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಕಾಣಿಸುತ್ತವೆ. ಹಾಡು ತುಂಬಿಸಿಕೊಳ್ಳಬಲ್ಲ ಹೊಸ ಮಾದರಿಗಳು ಕಡತಗಳನ್ನು ಸಾಗಿಸುವ ಎಂಟಿಪಿ ಎಂಬ ಕ್ರಮವನ್ನು ಬಳಸುತ್ತವೆ. ಅದನ್ನು ವಿಂಡೋಸ್ ತಾನಾಗಿ ಗುರುತಿಸುತ್ತದೆ, ಮ್ಯಾಕ್ ಗುರುತಿಸುವುದಿಲ್ಲ. ಮ್ಯಾಕ್ ಇರುವವರು ಓಪನ್‌ಎಂಟಿಪಿ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಬಹುದು, ಆದರೆ ಕಂಪನಿಯದೇ ತಂತ್ರಾಂಶವಾದ ಗಾರ್ಮಿನ್ ಎಕ್ಸ್‌ಪ್ರೆಸ್ ಹಿನ್ನೆಲೆಯಲ್ಲಿ ತೆರೆದಿದ್ದರೆ ಅದನ್ನು ಮೊದಲು ಮುಚ್ಚಬೇಕು. ಕೆಲವು ವಾಚುಗಳ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಯುಎಸ್‌ಬಿ ಮೋಡ್ ಎಂಬ ಆಯ್ಕೆ ಇರುತ್ತದೆ. ಕಡತಗಳನ್ನು ನೋಡಬೇಕಾದರೆ ಅದು ಎಂಟಿಪಿಯಲ್ಲಿರಬೇಕು.

ಗಾರ್ಮಿನ್ ಫೋಲ್ಡರಿನೊಳಗಿನ ಆಕ್ಟಿವಿಟಿ ಫೋಲ್ಡರಿನಲ್ಲಿ ಪ್ರತಿ ಓಟ, ಪ್ರತಿ ಚಾರಣಕ್ಕೂ ಒಂದೊಂದು ಫಿಟ್ (.fit) ಎಂಬ ಬಗೆಯ ಕಡತವಿರುತ್ತದೆ. ಬೇಕಾದುದನ್ನು ಕಟ್ ಮಾಡದೆ ಕಾಪಿ ಮಾಡಿಕೊಳ್ಳಿ. ಅಕ್ಕಪಕ್ಕದ ಫೋಲ್ಡರುಗಳಲ್ಲಿ ವಾಚಿನ ಸ್ವಂತ ಕಡತಗಳಿರುವುದರಿಂದ ಅವುಗಳಿಗೆ ಕೈ ಹಾಕದಿರುವುದೇ ಲೇಸು. ಪೆನ್‌ಡ್ರೈವಿನಂತೆ ಕಾಣುವ ವಾಚಾದರೆ ಇಜೆಕ್ಟ್ ಮಾಡಿದ ನಂತರವೇ ಕೇಬಲ್ ತೆಗೆಯಬೇಕು.

ಫಿಟ್ ಕಡತ ನೋಟ್‌ಪ್ಯಾಡಿನಲ್ಲಿ ಓದಲು ಬರುವಂಥದ್ದಲ್ಲ. ಅದರೊಳಗಿನ ವೇಳೆಯನ್ನು 1989ರ ಡಿಸೆಂಬರ್ 31ರಿಂದ ಎಣಿಸಿದ ಸೆಕೆಂಡುಗಳಾಗಿ, ವಿಶ್ವ ಸಮಯದಲ್ಲಿ ಬರೆದಿರುತ್ತಾರೆ. ಆದ್ದರಿಂದ ಬೆಳಗಿನ 6 ಗಂಟೆಗೆ ಹೊರಟ ಚಾರಣ ನಡುರಾತ್ರಿ 12:30ಕ್ಕೆ ಆರಂಭವಾದಂತೆ ಕಂಡರೆ ವಾಚು ಕೆಟ್ಟಿಲ್ಲ. ತಂತ್ರಾಂಶದಲ್ಲಿ ಕಾಲವಲಯವನ್ನು ಭಾರತಕ್ಕೆ ಬದಲಿಸಿದರೆ ಐದೂವರೆ ಗಂಟೆಯ ವ್ಯತ್ಯಾಸ ಹೋಗುತ್ತದೆ. ಸ್ಟ್ರಾವಾದಂತಹ ತಾಣಕ್ಕೆ ಏರಿಸುವಾಗಲೂ ಇದೇ ಕಡತವನ್ನು ನೇರವಾಗಿ ಕೊಡಬಹುದು. ದಾರಿಯನ್ನು ದಾಖಲಿಸುವ ಜಿಪಿಎಕ್ಸ್ ಎಂಬ ಇನ್ನೊಂದು ಬಗೆಯ ಕಡತಕ್ಕೆ ಪರಿವರ್ತಿಸಿದರೆ ದಾರಿ ಉಳಿದರೂ ಹೃದಯ ಬಡಿತದಂತಹ ವಿವರಗಳು ಕೆಲವೊಮ್ಮೆ ಬಿಟ್ಟುಹೋಗುತ್ತವೆ.