ತಕ್ಕಡಿ, ದಾರ, ಒಂದು ಬೀಕರ್ ನೀರು: ಪರಮಾಣುವಿನ ಜಾಗ ಅಳೆದ ನನ್ನ ಅನುಭವ

ನಾನು ಲೇತ್ ಮೆಷಿನ್ ಮೇಲೆ ಕೆಲಸ ಮಾಡುವವನು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ದಿನಾ ಕೈಯಲ್ಲಿ ಓಡಾಡುತ್ತವೆ. ಒಂದೇ ಅಳತೆಯ ಎರಡು ರಾಡ್ ಕೊಟ್ಟರೆ ಕಣ್ಣು ಮುಚ್ಚಿಕೊಂಡೇ ಯಾವುದು ಅಲ್ಯೂಮಿನಿಯಂ, ಯಾವುದು ಹಿತ್ತಾಳೆ ಅಂತ ಹೇಳಬಲ್ಲೆ. ಹಾಗಾಗಿ ಸಾಂದ್ರತೆ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಒಂಬತ್ತನೇ ತರಗತಿಯಲ್ಲಿ ಓದುವ ಅಕ್ಕನ ಮಗಳು ಬಂದು ಈ ಪ್ರಶ್ನೆ ಕೇಳಿದಳು.

"ಮಾಮ, ಸೀಸದ ಪರಮಾಣು ರಾಶಿ 207. ಚಿನ್ನದ್ದು 197. ಸೀಸದ ಪರಮಾಣುನೇ ಜಾಸ್ತಿ ಭಾರ ಅಲ್ವಾ? ಮತ್ತೆ ಒಂದೇ ಸೈಜಿನ ತುಂಡು ತಗೊಂಡ್ರೆ ಚಿನ್ನ ಯಾಕೆ ಅಷ್ಟು ಜಾಸ್ತಿ ತೂಗುತ್ತೆ?"

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ. ಚಿನ್ನದ್ದು 19.3. ನಾನು ಬಾಯಿ ಬಿಟ್ಟು ಕೂತೆ. "ಒತ್ತೊತ್ತಾಗಿ ಇರಬೇಕು ಕಣೇ" ಅಂದೆ. "ಎಷ್ಟು ಒತ್ತೊತ್ತಾಗಿ?" ಅಂದಳು. ಅಲ್ಲಿಂದ ಶುರುವಾಯಿತು. ಎರಡು ಭಾನುವಾರ ಇದರಲ್ಲೇ ಹೋದವು.

ಮೊದಲು ಪುಸ್ತಕದಲ್ಲಿ ಹೇಳಿದ ಹಾಗೆಯೇ ಮಾಡಿದೆವು. ಅಳತೆ ಜಾಡಿಗೆ ನೀರು ಹಾಕುವುದು, ತುಂಡು ಮುಳುಗಿಸುವುದು, ನೀರು ಎಷ್ಟು ಏರಿತು ಅಂತ ನೋಡುವುದು. ನಮ್ಮ ಜಾಡಿಯಲ್ಲಿ ಮಿಲಿಲೀಟರಿಗೆ ಒಂದು ಗೆರೆ. 53.6 ಗ್ರಾಂ ತೂಗುವ ತಾಮ್ರದ ತಂತಿಯ ಸುರುಳಿ ಹಾಕಿದಾಗ ನೀರು ಸುಮಾರು ಆರು ಗೆರೆ ಏರಿತು. ಅವಳು ಐದೂವರೆ ಅಂದಳು, ನಾನು ಆರೂವರೆ ಅಂದೆ. ನೀರು ಅಂಚಿನಲ್ಲಿ ಗಾಜಿಗೆ ಅಂಟಿಕೊಂಡು ಮೇಲಕ್ಕೆ ಬಾಗಿರುತ್ತದೆ, ನೋಡುವ ಕಣ್ಣು ಸ್ವಲ್ಪ ಮೇಲೆ ಕೆಳಗಾದರೂ ಲೆಕ್ಕ ತಪ್ಪುತ್ತದೆ. ಅವಳ ಲೆಕ್ಕಕ್ಕೆ ಸಾಂದ್ರತೆ 9.7, ನನ್ನ ಲೆಕ್ಕಕ್ಕೆ 8.2. ಇಷ್ಟು ಅಂತರ ಇಟ್ಟುಕೊಂಡು ಅದು ತಾಮ್ರವೋ ಹಿತ್ತಾಳೆಯೋ ಅಂತಲೇ ಹೇಳೋಕಾಗಲ್ಲ. ಸಣ್ಣ ತುಂಡಿಗೆ ಜಾಡಿ ಆಗಿಬರುವುದಿಲ್ಲ.

ಆಮೇಲೆ ಹಿಡಿದದ್ದು ಬೇರೆ ದಾರಿ. ಇದಕ್ಕೆ ಬೇಕಾದದ್ದು 0.1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಬೀಕರ್, ತೆಳ್ಳಗಿನ ದಾರ, ಅಷ್ಟೇ. ನೀರು ತುಂಬಿದ ಬೀಕರನ್ನು ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡಿಕೊಳ್ಳಬೇಕು. ತುಂಡನ್ನು ದಾರದಲ್ಲಿ ಕಟ್ಟಿ, ಮೇಲೆ ಒಂದು ಸ್ಟ್ಯಾಂಡಿಗೆ ನೇತುಹಾಕಿ, ನೀರಿನೊಳಗೆ ಪೂರ್ತಿ ಇಳಿಸಬೇಕು. ತಳಕ್ಕೂ ತಾಗಬಾರದು, ಗೋಡೆಗೂ ತಾಗಬಾರದು. ಆಗ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಅದು ತುಂಡಿನ ತೂಕ ಅಲ್ಲ, ತೂಕವನ್ನು ದಾರ ಹೊತ್ತಿದೆಯಲ್ಲ. ನೀರು ತುಂಡನ್ನು ಮೇಲಕ್ಕೆ ತಳ್ಳುತ್ತದೆ, ತುಂಡು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ತಕ್ಕಡಿಗೆ ಗೊತ್ತಾಗುವುದು ಆ ಕೆಳಗಿನ ತಳ್ಳು. ಆರ್ಕಿಮಿಡೀಸ್ ಹೇಳಿದ ಹಾಗೆ ಅದು ತುಂಡು ಸರಿಸಿದ ನೀರಿನ ತೂಕಕ್ಕೆ ಸಮ. ಒಂದು ಘನ ಸೆಂಟಿಮೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ. ಹಾಗಾಗಿ ತಕ್ಕಡಿಯಲ್ಲಿ ಕಾಣುವ ಗ್ರಾಂ ಸಂಖ್ಯೆಯೇ ತುಂಡಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಗುವ ಯಂತ್ರದಿಂದಲೇ ಗಾತ್ರವೂ ಸಿಕ್ಕಿತು. ಈ ಉಪಾಯ ನನಗೆ ಭಾರಿ ಇಷ್ಟವಾಯಿತು.

ಮೊದಲ ಸಲ ಎಡವಟ್ಟಾಯಿತು. ಅಲ್ಯೂಮಿನಿಯಂ ತುಂಡಿನ ಸಾಂದ್ರತೆ ಸರಿಯಾಗಿ 1 ಅಂತ ಬಂತು, ಥೇಟ್ ನೀರಿನಷ್ಟೇ! ನೋಡಿದರೆ ದಾರ ಉದ್ದವಾಗಿ ತುಂಡು ತಳದಲ್ಲಿ ಆರಾಮಾಗಿ ಕೂತಿತ್ತು. ತಕ್ಕಡಿ ಅದರ ಪೂರ್ತಿ ತೂಕ ತೋರಿಸುತ್ತಿತ್ತು. ದಾರ ಸಡಿಲವಾದರೆ ಅಷ್ಟೇ, ಲೆಕ್ಕ ಕೆಟ್ಟಿತು.

ದಾರ ಗಿಡ್ಡ ಮಾಡಿ ಮತ್ತೆ ಇಳಿಸಿದೆವು. ತುಂಡು ನಾನೇ ಟರ್ನಿಂಗ್ ಮಾಡಿದ್ದು. 25 ಮಿಲಿಮೀಟರ್ ವ್ಯಾಸ, 60 ಮಿಲಿಮೀಟರ್ ಉದ್ದ, ವರ್ನಿಯರ್ ಹಿಡಿದು ನೋಡಿದ್ದೆ. ಹೊರಗೆ ತೂಕ 79.4 ಗ್ರಾಂ. ನೀರಿನಲ್ಲಿ ತಕ್ಕಡಿ ತೋರಿಸಿದ್ದು 29.4. ವರ್ನಿಯರ್ ಅಳತೆಯಿಂದ ಲೆಕ್ಕ ಹಾಕಿದರೆ ಗಾತ್ರ 29.45 ಘನ ಸೆಂಟಿಮೀಟರ್. ಎರಡೂ ಹೊಂದಿದವು. ಸಾಂದ್ರತೆ 2.70. ಪುಸ್ತಕದಲ್ಲಿ ಇರುವುದೂ ಅದೇ.

ತಾಮ್ರದ ಸುರುಳಿ ಮಾತ್ರ ಕಾಟ ಕೊಟ್ಟಿತು. ನೀರಿನಲ್ಲಿ 6.5 ತೋರಿಸಿತು, ಸಾಂದ್ರತೆ 8.25 ಆಯಿತು. ತಾಮ್ರಕ್ಕೆ ಇರಬೇಕಾದದ್ದು 8.96. ಟಾರ್ಚ್ ಹಾಕಿ ನೋಡಿದರೆ ಸುರುಳಿಯ ಸುತ್ತುಗಳ ನಡುವೆ ಗಾಳಿಗುಳ್ಳೆಗಳು ಸಾಲಾಗಿ ಕೂತಿದ್ದವು. ಗುಳ್ಳೆಯೂ ನೀರು ಸರಿಸುತ್ತದೆ, ತಕ್ಕಡಿಗೆ ಅದು ತಾಮ್ರವೋ ಗಾಳಿಯೋ ಗೊತ್ತಾಗಲ್ಲ. ನೀರಿಗೆ ಒಂದು ಹನಿ ಸೋಪು ಹಾಕಿದೆವು. ತಕ್ಕಡಿಯನ್ನು ಮತ್ತೆ ಸೊನ್ನೆ ಮಾಡಿ, ಸುರುಳಿಯನ್ನು ಸ್ವಲ್ಪ ಎಳೆದು ಬಿಡಿಸಿ, ನೀರಿನೊಳಗೆ ಅಲ್ಲಾಡಿಸಿದೆವು. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದವು. ಈಗ 6.0. ಸಾಂದ್ರತೆ 8.93. ಅವಳು ಕುಣಿದಳು. ಸೀಸದ ಹಳೆಯ ತುಂಡು 137.2 ಗ್ರಾಂ, ನೀರಿನಲ್ಲಿ 12.1, ಅಂದರೆ 11.34. ಸೀಸ ವಿಷ, ಹಾಗಾಗಿ ಅದನ್ನು ನಾನೇ ಗ್ಲೌಸ್ ಹಾಕಿಕೊಂಡು ಮುಟ್ಟಿದೆ, ಆಮೇಲೆ ಆ ನೀರನ್ನೂ ಬೇರೆ ಇಟ್ಟೆ.

ನಡುವೆ ಒಂದು ಜಗಳ. "ಇದು ದ್ರವ್ಯರಾಶಿನಾ ತೂಕನಾ?" ಅಂತ. ತಕ್ಕಡಿ ಅಳೆಯುವುದು ಭೂಮಿ ಎಳೆಯುವ ಬಲವನ್ನು, ಅಂದರೆ ತೂಕವನ್ನು. ಅದನ್ನೇ ಗ್ರಾಂ ಅಂತ ಬರೆದು ತೋರಿಸುತ್ತದೆ. ಚಂದ್ರನ ಮೇಲೆ ಇದೇ ತಕ್ಕಡಿ ಸುಮಾರು ಆರನೇ ಒಂದು ಪಾಲು ತೋರಿಸೀತು, ಆದರೆ ತುಂಡಿನಲ್ಲಿರುವ ದ್ರವ್ಯ ಅಷ್ಟೇ ಇರುತ್ತದೆ. ಆದರೆ ನಮ್ಮ ಲೆಕ್ಕಕ್ಕೆ ಇದು ಅಡ್ಡ ಬರುವುದಿಲ್ಲ. ಮೇಲಿನ ಅಂಕಿ ಆರನೇ ಒಂದಾದರೆ ನೀರಿನಲ್ಲಿ ಬರುವ ಅಂಕಿಯೂ ಆರನೇ ಒಂದಾಗುತ್ತದೆ. ಭಾಗಿಸಿದರೆ ಅದೇ 2.70.

ಈಗ ಪರಮಾಣು. ಆವರ್ತ ಕೋಷ್ಟಕದಲ್ಲಿ ಅಲ್ಯೂಮಿನಿಯಂ ಎದುರು 26.98 ಅಂತ ಇದೆ. ಅಂದರೆ 26.98 ಗ್ರಾಂ ಅಲ್ಯೂಮಿನಿಯಂ ತೆಗೆದುಕೊಂಡರೆ ಅದರಲ್ಲಿ 6.022 × 10²³ ಪರಮಾಣುಗಳು. ತಾಮ್ರವಾದರೆ 63.55 ಗ್ರಾಂನಲ್ಲಿ ಅಷ್ಟೇ ಪರಮಾಣುಗಳು. ನಾವು ಅಳೆದ ಸಾಂದ್ರತೆಯಿಂದ ಇದನ್ನು ಭಾಗಿಸಿದರೆ ಅಷ್ಟು ಪರಮಾಣುಗಳಿಗೆ ಎಷ್ಟು ಜಾಗ ಬೇಕು ಅಂತ ಸಿಗುತ್ತದೆ. ಅಲ್ಯೂಮಿನಿಯಂಗೆ 10.0 ಘನ ಸೆಂಟಿಮೀಟರ್. ತಾಮ್ರಕ್ಕೆ 7.1. ಸೀಸಕ್ಕೆ 18.3. ಹಿತ್ತಾಳೆ ತುಂಡನ್ನು ಬದಿಗಿಟ್ಟೆವು. ಅದು ತಾಮ್ರ ಮತ್ತು ಸತುವಿನ ಬೆರಕೆ, ಒಂದೇ ಪರಮಾಣು ರಾಶಿ ಅಂತ ಇಲ್ಲ. ಚಿನ್ನ ನನ್ನ ಹತ್ತಿರ ಶುದ್ಧವಾಗಿ ಇರಲಿಲ್ಲ, ಉಂಗುರದಲ್ಲಿ ಬೇರೆ ಲೋಹ ಸೇರಿರುತ್ತದೆ. ಅದಕ್ಕೆ ಪುಸ್ತಕದ 19.3 ಅನ್ನೇ ಇಟ್ಟುಕೊಂಡು ಭಾಗಿಸಿದಳು. ಬಂದದ್ದು 10.2.

ಇಬ್ಬರೂ ಒಂದು ನಿಮಿಷ ಸುಮ್ನೆ ಆ ಅಂಕಿಗಳನ್ನೇ ನೋಡಿದೆವು. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಸೀಸದ ಪರಮಾಣು ಚಿನ್ನದ್ದಕ್ಕಿಂತ ಶೇಕಡಾ 5ರಷ್ಟು ಭಾರ, ಆದರೆ ಅದು ಹಿಡಿಯುವ ಜಾಗ ಹತ್ತಿರ ಹತ್ತಿರ ಎರಡು ಪಟ್ಟು. ಕಾಲು ಚಾಚಿಕೊಂಡು ಕೂತ ಹಾಗೆ. ಅವು ಒಂದನ್ನೊಂದು ಹಿಡಿದುಕೊಂಡಿರುವುದೂ ಸಡಿಲವಾಗಿಯೇ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಚಿನ್ನ ಕರಗಲು 1064 ಬೇಕು.

ನನ್ನ ತಲೆ ಕೆಡಿಸಿದ್ದು ಮಾತ್ರ ಇನ್ನೊಂದು ಜೋಡಿ. ಅಲ್ಯೂಮಿನಿಯಂ 10.0, ಚಿನ್ನ 10.2! ಒಂದು ಕೈಗೆ ಹಗುರ, ಇನ್ನೊಂದು ಅದರ ಏಳು ಪಟ್ಟು ಭಾರ. ಆದರೆ ಎರಡರ ಪರಮಾಣುವೂ ಹಿಡಿಯುವ ಜಾಗ ಹೆಚ್ಚುಕಡಿಮೆ ಒಂದೇ. ಇಷ್ಟು ವರ್ಷ ಭಾರದ ಲೋಹದಲ್ಲಿ ಪರಮಾಣುಗಳು ಒತ್ತೊತ್ತಾಗಿ ತುಂಬಿರುತ್ತವೆ ಅಂತಲೇ ನಂಬಿದ್ದೆ. ಇಲ್ಲಿ ಒತ್ತೊತ್ತು ಒಂದೇ, ಒಳಗಿನ ಸರಕು ಬೇರೆ. ಅಲ್ಯೂಮಿನಿಯಂ ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿ 13 ಪ್ರೋಟಾನ್, 14 ನ್ಯೂಟ್ರಾನ್. ಚಿನ್ನದ್ದರಲ್ಲಿ 79 ಪ್ರೋಟಾನ್, 118 ನ್ಯೂಟ್ರಾನ್. ಭಾರವೆಲ್ಲ ಹೆಚ್ಚುಕಡಿಮೆ ಆ ನ್ಯೂಕ್ಲಿಯಸ್‌ನಲ್ಲಿ, ಅದು ಪರಮಾಣುವಿನ ಅಗಲದಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲೂ ಸರಿಯಾಗಿ ಇಲ್ಲ. ಜಾಗ ಹಿಡಿಯುವುದು ಎಲೆಕ್ಟ್ರಾನ್‌ಗಳು, ತೂಗುವುದು ನ್ಯೂಕ್ಲಿಯಸ್.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಪರಮಾಣು ಎಷ್ಟು ದೊಡ್ಡದು ಅಂತಲೂ ನೋಡೇಬಿಡೋಣ ಅನ್ನಿಸಿತು. 10 ಘನ ಸೆಂಟಿಮೀಟರನ್ನು 6.022 × 10²³ ರಿಂದ ಭಾಗಿಸಿ ಘನಮೂಲ ತೆಗೆದೆವು. 0.255 ನ್ಯಾನೋಮೀಟರ್. ಪುಸ್ತಕದಲ್ಲಿ ನೋಡಿದರೆ ಅಲ್ಯೂಮಿನಿಯಂನಲ್ಲಿ ಪಕ್ಕಪಕ್ಕದ ಪರಮಾಣುಗಳ ಅಂತರ 0.286. ತಾಮ್ರಕ್ಕೆ ನಮಗೆ ಬಂದದ್ದು 0.228, ಪುಸ್ತಕದಲ್ಲಿ 0.256. ಎರಡೂ ಕಡೆ ನಮ್ಮದು ಕಡಿಮೆ, ಅದೂ ಒಂದೇ ಪ್ರಮಾಣದಲ್ಲಿ. ಒಂದೇ ಪ್ರಮಾಣದಲ್ಲಿ ತಪ್ಪಿದರೆ ತಪ್ಪು ಕೈಯದ್ದಲ್ಲ, ಲೆಕ್ಕದ್ದು. ಮೆಷಿನ್ ಮೇಲೂ ಹಾಗೇ. ಹತ್ತು ಪೀಸೂ ಅಷ್ಟೇ ಅಳತೆ ತಪ್ಪಿದ್ದರೆ ಸೆಟ್ಟಿಂಗ್ ನೋಡಬೇಕು.

ಹಳೆಯ ಬೇರಿಂಗ್ ಗುಂಡುಗಳನ್ನು ಒಂದು ಟ್ರೇಗೆ ಸುರಿದೆ. ನಾವು ಲೆಕ್ಕದಲ್ಲಿ ಅಂದುಕೊಂಡಿದ್ದು ಪ್ರತಿ ಗುಂಡಿಗೂ ಒಂದು ಚೌಕ ಪೆಟ್ಟಿಗೆ, ಗುಂಡಿನ ಮೇಲೆ ನೇರವಾಗಿ ಗುಂಡು. ಆದರೆ ಟ್ರೇ ಅಲ್ಲಾಡಿಸಿದರೆ ಗುಂಡುಗಳು ಹಾಗೆ ನಿಲ್ಲುವುದೇ ಇಲ್ಲ. ಮೇಲಿನ ಸಾಲಿನವು ಕೆಳಗಿನ ಮೂರು ಗುಂಡುಗಳ ನಡುವಿನ ತಗ್ಗಿನಲ್ಲಿ ಹೋಗಿ ಕೂರುತ್ತವೆ. ಚೌಕವಾಗಿ ಜೋಡಿಸಿದರೆ ಗುಂಡುಗಳು ತುಂಬುವುದು ಶೇಕಡಾ 52ರಷ್ಟು ಜಾಗ, ತಗ್ಗಿನಲ್ಲಿ ಕೂರಿಸಿದರೆ 74. ಅಲ್ಯೂಮಿನಿಯಂ, ತಾಮ್ರ, ಸೀಸ, ಚಿನ್ನ ನಾಲ್ಕೂ ಈ ಎರಡನೇ ಬಗೆಯವು. ಈ ಜೋಡಣೆಗೆ ನಮ್ಮ ಉತ್ತರವನ್ನು 1.122 ರಿಂದ ಗುಣಿಸಬೇಕು. ಗುಣಿಸಿದೆವು. ಅಲ್ಯೂಮಿನಿಯಂಗೆ 0.286, ತಾಮ್ರಕ್ಕೆ 0.256 ಬಂತು. ಎಕ್ಸ್-ರೇಯಿಂದ ಅಳೆಯುವ ಅಂತರವನ್ನು ದಾರ ಕಟ್ಟಿ ಅಳೆದಿದ್ದೆವು.

"ಆದ್ರೆ ಆ 10²³ ಅನ್ನೋದನ್ನ ನಾವು ಅಳೆದಿಲ್ವಲ್ಲ, ಯಾರು ಎಣಿಸಿದ್ರು?" ಅಂದಳು. ಸರಿಯಾದ ಮಾತೇ. ಆ ಸಂಖ್ಯೆಗೆ ಹೆಸರು ಬಂದದ್ದು ಇಟಲಿಯ ವಿಜ್ಞಾನಿ ಅವೊಗಾಡ್ರೋ ಅವರಿಂದ, ಆದರೆ ಅವರು 1811ರಲ್ಲಿ ಹೇಳಿದ್ದು, ಒಂದೇ ಬಿಸಿ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಕಣಗಳಿರುತ್ತವೆ ಅಂತ ಮಾತ್ರ. ಎಷ್ಟು ಅಂತ ಅವರಿಗೆ ಗೊತ್ತಿರಲಿಲ್ಲ. ಝಾನ್ ಪೆರ‍್ರಾ ಅನ್ನುವ ಫ್ರೆಂಚ್ ವಿಜ್ಞಾನಿ 1908ರ ಸುಮಾರಿಗೆ ನೀರಿನಲ್ಲಿ ತೇಲಾಡುವ ಅಂಟಿನ ಸಣ್ಣ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮೇಲೆ ಮೇಲೆ ಹೋದಂತೆ ಎಷ್ಟು ಕಡಿಮೆಯಾಗುತ್ತವೆ ಅಂತ ಎಣಿಸಿ, ಅದರಿಂದ ಈ ಸಂಖ್ಯೆಗೆ ಬಂದರು. 1926ರಲ್ಲಿ ಅವರಿಗೆ ನೊಬೆಲ್ ಬಂತು.

ಅದಕ್ಕಿಂತ ನನಗೆ ಹತ್ತಿರದ್ದು ಸಿಲಿಕಾನ್ ಗುಂಡಿನ ಕಥೆ. ಒಂದು ಕಿಲೋಗ್ರಾಂ ತೂಗುವ, ಸುಮಾರು 93.6 ಮಿಲಿಮೀಟರ್ ವ್ಯಾಸದ ಗುಂಡು. ಅದರ ಪರಮಾಣುಗಳ ಅಂತರವನ್ನು ಎಕ್ಸ್-ರೇಯಿಂದ ಅಳೆದು, ಗುಂಡಿನ ಗಾತ್ರ ಅಳೆದು, ಒಳಗೆ ಎಷ್ಟು ಪರಮಾಣು ಇವೆ ಅಂತ ಲೆಕ್ಕ ಹಾಕಿದರು. ನಾವು ಮಾಡಿದ್ದನ್ನೇ ಹಿಂದುಮುಂದಾಗಿ. ಆ ಗುಂಡಿನ ಉಬ್ಬುತಗ್ಗು ಕೆಲವೇ ಹತ್ತು ನ್ಯಾನೋಮೀಟರ್. ನಾನು ಮಿಲಿಮೀಟರಿನ ನೂರನೇ ಒಂದು ಪಾಲು ಹಿಡಿದರೆ ದೊಡ್ಡದಾಗಿ ಹೇಳಿಕೊಳ್ಳುತ್ತೇನೆ, ಅದೇ ಹತ್ತು ಸಾವಿರ ನ್ಯಾನೋಮೀಟರ್ ಆಯಿತು! 2019ರ ಮೇ 20ರಿಂದ ಅವೊಗಾಡ್ರೋ ಸಂಖ್ಯೆಯನ್ನು 6.02214076 × 10²³ ಅಂತಲೇ ನಿಗದಿ ಮಾಡಿಬಿಟ್ಟಿದ್ದಾರೆ. ಕಿಲೋಗ್ರಾಂ ಅಂದರೆ ಏನು ಅನ್ನುವುದೂ ಅದೇ ದಿನ ಬದಲಾಯಿತು. ಅಲ್ಲಿಯವರೆಗೆ ಕಿಲೋಗ್ರಾಂ ಅಂದರೆ ಪ್ಯಾರಿಸ್ ಹತ್ತಿರ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಸಿಲಿಂಡರ್. ವ್ಯಾಸ, ಎತ್ತರ ಎರಡೂ ಸುಮಾರು 39 ಮಿಲಿಮೀಟರ್. ಲೆಕ್ಕ ಹಾಕಿ ನೋಡಿದೆ, ಸಾಂದ್ರತೆ 21.5 ಬರುತ್ತದೆ.

ಕೊನೆಗೆ ಅವಳಿಗೆ ಮಂಜುಗಡ್ಡೆ ಹಿಡಿಯಿತು. "ಇದು ಮುಳುಗಲ್ವಲ್ಲ ಮಾಮ, ಹೇಗೆ ಅಳೆಯೋದು?" ತುಂಡನ್ನು ಬೀಕರ್ ನೀರಿಗೆ ಸುಮ್ನೆ ತೇಲಬಿಟ್ಟೆವು. ತಕ್ಕಡಿ 22.0 ತೋರಿಸಿತು, ಅದು ಅದರ ತೂಕ. ತೆಳ್ಳಗಿನ ಸೂಜಿಯಿಂದ ಪೂರ್ತಿ ಒಳಕ್ಕೆ ಒತ್ತಿ ಹಿಡಿದೆ. 24.0 ಆಯಿತು, ಅದು ಗಾತ್ರ. ಸಾಂದ್ರತೆ 0.917. ಅವೇ ನೀರಿನ ಅಣುಗಳು, ಗಡ್ಡೆ ಕಟ್ಟಿದಾಗ ಸುಮಾರು ಹನ್ನೊಂದನೇ ಒಂದು ಪಾಲು ಜಾಸ್ತಿ ಜಾಗ ಹಿಡಿಯುತ್ತವೆ. ನಾನು ಸೂಜಿ ತೆಗೆಯಲು ಹೋದರೆ, "ತೆಗೀಬೇಡ, ಹಾಗೇ ಹಿಡ್ಕೋ" ಅಂದಳು. ಗಡ್ಡೆ ಕರಗುತ್ತಾ ಹೋಯಿತು. ತಕ್ಕಡಿ 23.8, 23.5, 23.1 ಅಂತ ಇಳಿಯುತ್ತಾ ಬಂತು. ಅವಳು ಪಕ್ಕದಲ್ಲಿ ಕೂತು ನಿಮಿಷಕ್ಕೊಂದು ಅಂಕಿ ಬರೆದುಕೊಂಡಳು. ನನ್ನ ಕೈ ಜೋಮು ಹಿಡಿಯುವ ಹೊತ್ತಿಗೆ ಸೂಜಿಯ ತುದಿಯಲ್ಲಿ ಏನೂ ಉಳಿದಿರಲಿಲ್ಲ. ತಕ್ಕಡಿ 22.0ಕ್ಕೆ ಬಂದು ನಿಂತಿತ್ತು.