ಬ್ರಹ್ಮಾಂಡ ಮೆದುಳಿನ ಥರ ಇದೆಯಂತೆ: ಫಾರ್ವರ್ಡ್ ಮಾಡುವ ಮುಂಚೆ ಮನೆಯಲ್ಲೇ ಹೀಗೆ ನೋಡಿ

ಎಡಗಡೆ ಒಂದು ನರಕೋಶ, ಬಲಗಡೆ ಇಡೀ ಬ್ರಹ್ಮಾಂಡ, ಕೆಳಗೆ ಕೈಮುಗಿಯುವ ಇಮೋಜಿ. ಈ ಚಿತ್ರ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ನಾನೂ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ "ಪಿಂಡಾಂಡದಲ್ಲೇ ಬ್ರಹ್ಮಾಂಡ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ" ಅಂತ ಒಂದು ಸಾಲು ಸೇರಿಸಿ ಕಳಿಸಿಬಿಟ್ಟಿದ್ದೆ. ಪಿಯುಸಿ ಓದುತ್ತಿದ್ದ ತಂಗಿ ಮಗಳು ಐದೇ ನಿಮಿಷಕ್ಕೆ ಕೇಳಿದಳು: "ಮಾವ, ಬ್ರಹ್ಮಾಂಡದ ಹೊರಗೆ ನಿಂತು ಈ ಫೋಟೋ ತೆಗೆದವರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದೆ, ಅಲ್ಲಿಂದ ಇದೊಂದು ಚಟವೇ ಆಯಿತು. ಹೋಲಿಕೆ ಯಾವುದೇ ಬರಲಿ, ನಾನು ಈಗ ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಅವಳದೇ ಪ್ರಶ್ನೆ ಕೇಳಿ. ಇದು ಯಾವುದರ ಚಿತ್ರ? ಆ ಜೋಡಿ ಚಿತ್ರ 2006ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದದ್ದು. ಎಡಗಡೆ ಇರುವುದು ಇಲಿಯ ಮೆದುಳಿನ ತೆಳು ಹೋಳು, ನರಕೋಶ ಕಾಣಲಿ ಅಂತ ಬಣ್ಣ ಹಾಕಿದ್ದು. ಮನುಷ್ಯನದಲ್ಲ. ಬಲಗಡೆ ಇರುವುದು ಫೋಟೋನೇ ಅಲ್ಲ. 2005ರಲ್ಲಿ ಸಾವಿರ ಕೋಟಿ ಕಣಗಳನ್ನು ಕಂಪ್ಯೂಟರಿನೊಳಗೆ ಬಿಟ್ಟು, ಗುರುತ್ವಾಕರ್ಷಣೆ ಅವನ್ನು ಹೇಗೆ ಒಟ್ಟುಗೂಡಿಸುತ್ತದೆ ಅಂತ ಲೆಕ್ಕ ಹಾಕಿ ಬಿಡಿಸಿದ ಚಿತ್ರ. ಆ ನೇರಳೆ, ಹಳದಿ ಎಲ್ಲ ಬಿಡಿಸಿದವರ ಆಯ್ಕೆ. ಹಾಗಂತ ಅದು ಸುಳ್ಳಲ್ಲ. ಗೆಲಾಕ್ಸಿಗಳು ನಿಜಕ್ಕೂ ಎಳೆ ಎಳೆಯಾಗಿ ಹರಡಿಕೊಂಡಿವೆ, ನಡುನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಇದೆ. ಆದರೆ ಎರಡೂ ಕಡೆ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಫೋನಿನಲ್ಲೇ ಆಗುತ್ತದೆ. ಅರ್ಧ ಮೋಡಿ ಅಲ್ಲೇ ಇಳಿಯುತ್ತದೆ.

ಆಮೇಲೆ, ಯಾರಾದರೂ ಅಳೆದಿದ್ದಾರಾ ಅಂತ ಹುಡುಕಿ. ಈ ಹೋಲಿಕೆಯನ್ನು ನಿಜವಾಗಿ ಅಳೆದವರು ಇದ್ದಾರೆ, ಅದೇ ನನಗೆ ಖುಷಿ. ಇಟಲಿಯ ಖಗೋಳ ವಿಜ್ಞಾನಿ ಫ್ರಾಂಕೊ ವಾಜ್ಜಾ ಮತ್ತು ನರಶಸ್ತ್ರಚಿಕಿತ್ಸಕ ಆಲ್ಬರ್ಟೊ ಫೆಲೆಟ್ಟಿ 2020ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮನುಷ್ಯನ ಮೆದುಳು, ಕಿರುಮೆದುಳುಗಳ ಹೋಳು ಒಂದು ಕಡೆ, ಕಂಪ್ಯೂಟರಿನ ಬ್ರಹ್ಮಾಂಡ ಇನ್ನೊಂದು ಕಡೆ. ಎಷ್ಟು ದೂರಕ್ಕೆ ದಟ್ಟಣೆಯಲ್ಲಿ ಎಷ್ಟು ಏರುಪೇರು ಅಂತ ಎರಡಕ್ಕೂ ಒಂದೇ ಲೆಕ್ಕ ಹಾಕಿದರು. ಕಿರುಮೆದುಳಿನಲ್ಲಿ ಒಂದು ಮೈಕ್ರೋಮೀಟರಿನಿಂದ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) 0.1 ಮಿಲಿಮೀಟರ್ ತನಕ, ಬ್ರಹ್ಮಾಂಡದಲ್ಲಿ 50 ಲಕ್ಷದಿಂದ 50 ಕೋಟಿ ಜ್ಯೋತಿರ್ವರ್ಷದ ತನಕ, ಏರುಪೇರಿನ ರೀತಿ ಹತ್ತಿರ ಹತ್ತಿರ ಬಂತು. ಇವೆರಡರ ಗಾತ್ರದ ವ್ಯತ್ಯಾಸ 1ರ ಮುಂದೆ ಸುಮಾರು 27 ಸೊನ್ನೆ. ಒಂದೊಂದು ಗಂಟಿಗೆ ಎಷ್ಟು ಎಳೆ ಸೇರುತ್ತವೆ ಅಂತ ಎಣಿಸಿದಾಗ ಎರಡು ಕಡೆಯೂ ಸರಾಸರಿ ನಾಲ್ಕೈದರ ಆಸುಪಾಸು.

ಇಲ್ಲೇ ಒಂದು ನಿಮಿಷ ನಿಲ್ಲಿ. ನಿಜವಾದ ನರಕೋಶಕ್ಕೆ ನಾಲ್ಕೈದಲ್ಲ, ಸಾವಿರಾರು ಸಂಪರ್ಕ ಇರುತ್ತವೆ. ಅವರು ಎಣಿಸಿದ್ದು ಚಿತ್ರದಲ್ಲಿ ಕಂಡ ಗಂಟುಗಳನ್ನು. ಅಂದರೆ ಹೋಲಿಕೆ ಇರುವುದು ಎರಡು ಚಿತ್ರಗಳ ನಡುವೆ, ಎರಡು ವಸ್ತುಗಳ ಕೆಲಸದ ನಡುವೆ ಅಲ್ಲ. ಬ್ರಹ್ಮಾಂಡ ಯೋಚನೆ ಮಾಡುತ್ತದೆ ಅಂತ ಅವರೂ ಹೇಳಿಲ್ಲ, ಅದನ್ನು ಸೇರಿಸಿದ್ದು ನಮ್ಮಂಥ ಕಾಫಿ ಕುಡಿಯುವವರು.

ಮೂರನೆಯದು ನನಗೆ ತುಂಬಾ ಇಷ್ಟ, ಕೈ ಕೊಳೆ ಮಾಡಿಕೊಳ್ಳಬೇಕು. ಎರಡು ಗಟ್ಟಿ ಪ್ಲಾಸ್ಟಿಕ್ ಹಾಳೆ ತಗೊಳ್ಳಿ, ಹಳೆಯ ಪ್ಲಾಸ್ಟಿಕ್ ಫೈಲಿನ ರಟ್ಟಾದರೂ ಸಾಕು. ನಡುವೆ ಅಡಿಕೆಯಷ್ಟು ಗಾತ್ರದ ಗಟ್ಟಿ ಪೋಸ್ಟರ್ ಬಣ್ಣ ಹಾಕಿ ಒತ್ತಿ, ಪೂರ್ತಿ ಚಪ್ಪಟೆ ಆಗಲಿ. ಈಗ ಮೇಲಿನ ಹಾಳೆಯನ್ನು ನಿಧಾನವಾಗಿ ನೆಟ್ಟಗೆ ಎತ್ತಿ. ಬಣ್ಣದಲ್ಲಿ ಕೊಂಬೆ, ಕೊಂಬೆಗೆ ರೆಂಬೆ, ರೆಂಬೆಗೆ ಕಡ್ಡಿ ಮೂಡಿರುತ್ತವೆ. ಬೇವಿನ ಮರ ಅನ್ನಿ, ಶ್ವಾಸಕೋಶ ಅನ್ನಿ, ಮೇಲಿಂದ ಕಂಡ ನದಿ ಅನ್ನಿ, ಯಾವುದಕ್ಕೂ ಒಪ್ಪುತ್ತದೆ. ಬಣ್ಣ ಒಣಗುವ ಮುಂಚೆ ಮಾಡಬೇಕು, ಮತ್ತು ದಯವಿಟ್ಟು ಊಟದ ಮೇಜಿನ ಮೇಲೆ ಬೇಡ, ನಮ್ಮನೇಲಿ ಆ ಕಲೆ ಇವತ್ತಿಗೂ ಇದೆ. ಆಗಿದ್ದು ಇಷ್ಟೇ: ತೆಳುವಾದ ಗಾಳಿ ದಪ್ಪ ಬಣ್ಣದೊಳಗೆ ನುಗ್ಗಿತು, ಸುಲಭವಾಗಿ ದಾರಿ ಸಿಕ್ಕ ಕಡೆ ಇನ್ನೂ ಮುಂದೆ ಹೋಯಿತು. ಬಣ್ಣಕ್ಕೂ ಮರಕ್ಕೂ ನೆಂಟಸ್ತಿಕೆ ಇಲ್ಲ. ಹಾಗಾಗಿ ಎರಡು ವಸ್ತು ಒಂದೇ ಥರ ಕಂಡರೆ, ಅವೆರಡಕ್ಕೂ ಸಂಬಂಧವೇ ಇಲ್ಲದ ಮೂರನೆಯದೊಂದನ್ನು ಪಕ್ಕದಲ್ಲಿಟ್ಟು ನೋಡಿ. 1986ರಲ್ಲಿ ಗೆಲಾಕ್ಸಿಗಳ ಹಂಚಿಕೆಯ ನಕ್ಷೆ ಮೊದಲ ಸಲ ಚೆನ್ನಾಗಿ ಬಿಡಿಸಿದಾಗ ವಿಜ್ಞಾನಿಗಳಿಗೆ ಹೊಳೆದದ್ದು ಮೆದುಳಲ್ಲ, ಸೋಪಿನ ನೊರೆ.

ಇನ್ನು ಸುರುಳಿಗಳು. "ಗೆಲಾಕ್ಸಿ, ನಾಟಿಲಸ್ ಚಿಪ್ಪು, ಸೂರ್ಯಕಾಂತಿ ಎಲ್ಲದರಲ್ಲೂ ಒಂದೇ ಸುವರ್ಣ ಸುರುಳಿ" ಅನ್ನುವ ಫಾರ್ವರ್ಡ್. (ನಾಟಿಲಸ್ ಅಂದರೆ ಸುರುಳಿ ಚಿಪ್ಪಿನ ಒಂದು ಸಮುದ್ರ ಜೀವಿ.) ಇದನ್ನು ಸ್ಕೇಲು ಹಿಡಿದು ನೋಡಬಹುದು. ಸುವರ್ಣ ಸುರುಳಿ ಪ್ರತಿ ಕಾಲು ಸುತ್ತಿಗೆ ಕೇಂದ್ರದಿಂದ 1.618 ಪಟ್ಟು ದೂರ ಹೋಗಬೇಕು. ಚಿತ್ರವನ್ನು ಪ್ರಿಂಟ್ ತೆಗೆಸಿ, ಕೇಂದ್ರದ ಮೇಲೆ ಒಂದು ದೊಡ್ಡ ಕೂಡು ಗುರುತು (+) ಎಳೆಯಿರಿ, ಸುರುಳಿ ಪ್ರತಿ ಗೆರೆಯನ್ನು ದಾಟುವ ಜಾಗದ ದೂರ ಅಳೆಯಿರಿ, ಒಂದನ್ನು ಅದರ ಹಿಂದಿನದರಿಂದ ಭಾಗಿಸಿ. ನಾಟಿಲಸ್ ಚಿಪ್ಪಿಗೆ ಸುಮಾರು 1.3 ಬರುತ್ತದೆ. ಪೂರ್ತಿ ಒಂದು ಸುತ್ತಿಗೆ ಅದು ಬೆಳೆಯುವುದು ಮೂರು ಪಟ್ಟು, ಸುವರ್ಣ ಸುರುಳಿ ಆಗಿದ್ದರೆ ಏಳು ಪಟ್ಟಿನ ಹತ್ತಿರ ಇರಬೇಕಿತ್ತು. ನಮ್ಮ ಆಕಾಶಗಂಗೆಯ ತೋಳುಗಳಿಗೆ ಸುಮಾರು 1.4. ಬೇರೆ ಬೇರೆ ಗೆಲಾಕ್ಸಿಗೆ ಬೇರೆ ಬೇರೆ ಸಂಖ್ಯೆ. ಒಂದು ಎಚ್ಚರ: ನಮಗೆ ಎದುರಾಗಿ, ತಟ್ಟೆಯ ಹಾಗೆ ಕಾಣುವ ಗೆಲಾಕ್ಸಿಯನ್ನೇ ಆರಿಸಿಕೊಳ್ಳಿ, ಎಂ74 ಒಳ್ಳೆಯದು. ಓರೆಯಾಗಿ ಕಾಣುವುದನ್ನು ಅಳೆದರೆ ಏನು ಬೇಕಾದರೂ ಬರುತ್ತದೆ.

ಗಿಡಗಳ ವಿಷಯ ಬೇರೆ, ಅಲ್ಲಿ ನಿಜವಾಗಿ ಲೆಕ್ಕ ಇದೆ. ಮಾರ್ಕೆಟ್ಟಿನಿಂದ ಒಂದು ಅನಾನಸ್ ತನ್ನಿ. ಸ್ಕೆಚ್ ಪೆನ್ನಿನಲ್ಲಿ ಒಂದು ಕಣ್ಣು ಗುರುತು ಮಾಡಿ, ಅಲ್ಲಿಂದ ಓರೆಯಾಗಿ ಹೋಗುವ ಸಾಲಿಗೆ ಗೆರೆ ಎಳೆಯಿರಿ. ಅದರ ಪಕ್ಕದ ಸಾಲು, ಅದರ ಪಕ್ಕದ್ದು, ಹೀಗೆ ಒಂದು ಸುತ್ತು ಬರುವ ತನಕ ಎಣಿಸಿ. ಸಾಮಾನ್ಯವಾಗಿ ಒಂದು ಕಡೆಗೆ 8, ಇನ್ನೊಂದು ಕಡೆಗೆ 13. ಸೂರ್ಯಕಾಂತಿಯಲ್ಲಿ 34 ಮತ್ತು 55 ಸಿಗುತ್ತವೆ. ತುದಿಯಲ್ಲಿ ಹೊಸ ಮೊಗ್ಗು ಮೂಡುವಾಗ ಹೆಚ್ಚು ಜಾಗ ಇರುವ ಕಡೆ ಮೂಡುತ್ತದೆ, ಹಿಂದಿನದಕ್ಕಿಂತ ಸುಮಾರು 137.5 ಡಿಗ್ರಿ ತಿರುಗಿ. ಆ ಒಂದು ನಿಯಮದಿಂದಲೇ ಈ ಸಂಖ್ಯೆಗಳು ಬರುತ್ತವೆ. ಗೆಲಾಕ್ಸಿಯ ತೋಳಿನ ಕಥೆ ಇದಲ್ಲ. ಅದು ಟೋಲ್ ಗೇಟಿನ ಜಾಮ್ ಇದ್ದ ಹಾಗೆ, ಗಾಡಿಗಳು ಬರುತ್ತಾ ಹೋಗುತ್ತಾ ಇರುತ್ತವೆ, ಜಾಮ್ ಮಾತ್ರ ಅಲ್ಲೇ ಇರುತ್ತದೆ. ನಕ್ಷತ್ರಗಳೂ ತೋಳಿನೊಳಗೆ ಬಂದು ಆಚೆ ಹೋಗುತ್ತವೆ. ಎಣಿಸಿ ಆದಮೇಲೆ ಉಪ್ಪು, ಖಾರದ ಪುಡಿ ಉದುರಿಸಿ ತಿನ್ನಿ. ಗೆರೆ ಎಳೆದದ್ದು ಸಿಪ್ಪೆಯ ಮೇಲೆ, ಭಯ ಬೇಡ.

ನನ್ನನ್ನು ಅಲ್ಲಾಡಿಸಿದ ಹೋಲಿಕೆ ಫಾರ್ವರ್ಡಿನಲ್ಲಿ ಬರಲೇ ಇಲ್ಲ. ನಮ್ಮ ಜೀವಕೋಶದೊಳಗೆ ಪ್ರೋಟೀನ್ ತಯಾರಾಗುವ ಪೊರೆಗಳು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ, ಅವನ್ನು ಜೋಡಿಸಲು ಸುರುಳಿ ಇಳಿಜಾರುಗಳಿವೆ, ಥೇಟ್ ಮಾಲಿನ ಬಹುಮಹಡಿ ಪಾರ್ಕಿಂಗ್. ಈ ಇಳಿಜಾರುಗಳ ವಿಷಯ 2013ರಲ್ಲಿ ಗೊತ್ತಾಯಿತು. ಇನ್ನೊಂದು ಕಡೆ ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಅದರ ನಡುಭಾಗ ಕುಸಿದು ಉಳಿಯುವ ಅತಿ ದಟ್ಟ ಉಂಡೆ. ಅದರ ಹೊರಪದರದ ಬುಡದಲ್ಲಿ ಪರಮಾಣು ಬೀಜಗಳು ಒತ್ತಡಕ್ಕೆ ಸಿಕ್ಕಿ ಎಳೆಗಳಾಗಿ, ಹಾಳೆಗಳಾಗಿ ಮಾರ್ಪಡುತ್ತವೆ ಅನ್ನುತ್ತದೆ ಲೆಕ್ಕ. ವಿಜ್ಞಾನಿಗಳು ಅದನ್ನು ಪಾಸ್ತಾ ಅಂತ ಕರೆಯುತ್ತಾರೆ, ನಮ್ಮ ಕಡೆಯವರು ಹೆಸರಿಟ್ಟಿದ್ದರೆ ಶಾವಿಗೆ, ಚಪಾತಿ ಅನ್ನುತ್ತಿದ್ದರೇನೋ. 2016ರಲ್ಲಿ ಒಬ್ಬ ಜೀವಭೌತ ವಿಜ್ಞಾನಿ ಮತ್ತು ಒಬ್ಬ ಪರಮಾಣು ಭೌತ ವಿಜ್ಞಾನಿ ತಮ್ಮ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಅಲ್ಲೂ ಅದೇ ಪಾರ್ಕಿಂಗ್ ಇಳಿಜಾರು! ನಕ್ಷತ್ರದ ಕಡೆಯದರ ಸಾಂದ್ರತೆ ಜೀವಕೋಶದ್ದಕ್ಕಿಂತ 1ರ ಮುಂದೆ 14 ಸೊನ್ನೆ ಪಟ್ಟು ಜಾಸ್ತಿ, ಕೆಲಸ ಮಾಡುವ ಬಲಗಳೂ ಬೇರೆ. ಆದರೂ ತಂಗಿ ಮಗಳ ಪ್ರಶ್ನೆ ಇಲ್ಲೂ ಬಿಡುವುದಿಲ್ಲ. ನಕ್ಷತ್ರದ ಕಡೆಯದು ಕಂಪ್ಯೂಟರ್ ಚಿತ್ರವೇ, ಕಣ್ಣಾರೆ ಕಂಡವರಿಲ್ಲ.

ನಿಜವಾದ ನೆಂಟಸ್ತಿಕೆ ಬೇಕಾದರೆ ಆಕಾರ ಬಿಟ್ಟು ಸಾಮಾನು ನೋಡಿ. ನಿಮ್ಮ ಮೈಯಲ್ಲಿರುವ ಮೂರ್ನಾಲ್ಕು ಗ್ರಾಂ ಕಬ್ಬಿಣ ಯಾವುದೋ ಕಾಲದಲ್ಲಿ ಸಿಡಿದ ನಕ್ಷತ್ರಗಳಲ್ಲಿ ತಯಾರಾದದ್ದು. ಇದಕ್ಕೆ ಹೋಲಿಕೆಯ ಹಂಗೇ ಇಲ್ಲ.

ಕೊನೆಗೆ ಸಮಯದ ಲೆಕ್ಕ ಹಾಕಿ, ಇದನ್ನು ಯಾರೂ ಹಾಕುವುದಿಲ್ಲ. ಬ್ರಹ್ಮಾಂಡ ಮೆದುಳಿನ ಹಾಗೆ ಯೋಚಿಸಬೇಕಾದರೆ ಅದರ ಎಳೆಗಳಲ್ಲಿ ಸಂದೇಶ ಓಡಾಡಬೇಕಲ್ಲ? ಬ್ರಹ್ಮಾಂಡದ ಒಂದು ಎಳೆ 10 ಕೋಟಿ ಜ್ಯೋತಿರ್ವರ್ಷ ಉದ್ದ ಅಂತಿಟ್ಟುಕೊಳ್ಳಿ. ಈ ತುದಿಯಿಂದ ಆ ತುದಿಗೆ ಒಂದು ಸಂದೇಶ ಹೋಗಲು ಬೆಳಕಿಗೂ 10 ಕೋಟಿ ವರ್ಷ ಬೇಕು. ಬ್ರಹ್ಮಾಂಡಕ್ಕೆ ವಯಸ್ಸು ಸುಮಾರು 1,380 ಕೋಟಿ ವರ್ಷ. ಒಂದಾದ ಮೇಲೆ ಒಂದು ಕಳಿಸಿದರೂ ಹುಟ್ಟಿದಾಗಿನಿಂದ ಇವತ್ತಿನವರೆಗೆ 138 ಸಂದೇಶ. ನಮ್ಮ ಮನೆಯ ಗ್ರೂಪಿನಲ್ಲಿ ಹಬ್ಬದ ದಿನ ಮಧ್ಯಾಹ್ನದೊಳಗೆ ಅಷ್ಟು ಬಂದಿರುತ್ತವೆ.

ಈ ಲೆಕ್ಕವನ್ನು ಹೆಮ್ಮೆಯಿಂದ ತಂಗಿ ಮಗಳಿಗೆ ಕಳಿಸಿದೆ. ಉತ್ತರ ಬಂತು: "ಚೆನ್ನಾಗಿದೆ ಮಾವ, ಆದ್ರೆ ಬ್ರಹ್ಮಾಂಡ ಹಿಗ್ಗುತ್ತಾ ಇರೋದನ್ನ ಲೆಕ್ಕಕ್ಕೆ ತಗೊಂಡಿಲ್ಲ."