ಆರಿದ್ರಾ ಮಳೆ ಹುಟ್ಟುವ ಮುಂಚೆ: ಹಿತ್ತಲು, ಉಗ್ರಾಣ, ಧರೆ

ಮಲೆನಾಡಿನ ಮನೆಗೆ ಮಳೆಗಾಲದ ತಾಪತ್ರಯ ಹೇಳಿಕೇಳಿಯೇ ಬರುವಂಥದ್ದು. ಜುಲೈನಲ್ಲಿ ಕರೆಂಟು ನಾಲ್ಕೈದು ದಿನ ಹೋಗುತ್ತದೆ, ರಸ್ತೆಗೆ ಅಡ್ಡ ಮರ ಬೀಳುತ್ತದೆ, ಟವರಿನ ಬ್ಯಾಟರಿ ಮುಗಿದು ಫೋನೂ ಸುಮ್ಮನಾಗುತ್ತದೆ. ಆಗುಂಬೆ, ಹುಲಿಕಲ್ಲಿನ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ ದಾಟಿತೆಂದರೆ ಅದು ಸುದ್ದಿಯೇ ಅಲ್ಲ. ಇಷ್ಟೆಲ್ಲ ಗೊತ್ತಿದ್ದೂ ಮಳೆ ಹಿಡಿದ ಮೇಲೆ ಪೇಟೆಗೆ ಓಡಿ ಮೇಣದಬತ್ತಿ, ನೂಡಲ್ಸ್ ಪೊಟ್ಟಣ ತರುವುದು ಈಚಿನ ಅಭ್ಯಾಸವಾಗಿಬಿಟ್ಟಿದೆ. ಹತ್ತು ದಿನ ರಸ್ತೆಯಿಲ್ಲ, ಕರೆಂಟಿಲ್ಲ ಎಂದು ಲೆಕ್ಕ ಇಟ್ಟುಕೊಂಡು ಮೇ ತಿಂಗಳಲ್ಲೇ ಕೆಲಸ ಮುಗಿಸಿ. ಸಿದ್ಧತೆ ಅರ್ಧ ಹಿತ್ತಲಿನಲ್ಲಿರಲಿ, ಅರ್ಧ ಉಗ್ರಾಣದಲ್ಲಿ.

ಹಿತ್ತಲಿನ ಕೆಲಸ ಮೇ ಎರಡನೇ ವಾರಕ್ಕೆ ಶುರುವಾಗಬೇಕು. ಬೆಂಡೆ, ಹೀರೆ, ಹಾಗಲ, ಪಡವಲದ ಬೀಜ ಹಾಕಿ, ಮಳೆ ಬರುವ ತನಕ ಚೊಂಬಿನಲ್ಲಿ ನೀರು ಹೊಯ್ದು ಬೆಳೆಸಿ. ಜೂನ್ ಮೂರನೇ ವಾರ ಆರಿದ್ರಾ ಹುಟ್ಟುವುದರೊಳಗೆ ಬಳ್ಳಿ ಚಪ್ಪರ ಹತ್ತಿರಬೇಕು, ಬೆಂಡೆ ಮೊಣಕಾಲೆತ್ತರ ಬಂದಿರಬೇಕು. ಆಮೇಲೆ ಬಿತ್ತಿದ ಬೀಜ ಮೊಳೆತರೂ ಬುಡ ಕೊಳೆತು ಮಲಗುತ್ತದೆ. ಬಿಸಿಲಿಲ್ಲದ ಕಾಲದಲ್ಲಿ ಎಳೆ ಗಿಡಕ್ಕೆ ತಾಳುವ ಶಕ್ತಿ ಬರುವುದಿಲ್ಲ. ಪಾತಿ ಒಂದಡಿ ಎತ್ತರವಿರಲಿ, ಅಗಲ ಮೂರಡಿ ಮೀರದಿರಲಿ. ಅಗಲ ಜಾಸ್ತಿಯಾದರೆ ನಡುವಿನ ನೀರು ಬಸಿಯುವುದಿಲ್ಲ, ಕಳೆ ಕೀಳಲು ಪಾತಿಯ ಮೇಲೆ ಕಾಲಿಡಬೇಕಾಗುತ್ತದೆ, ತುಳಿದ ಹಸಿ ಮಣ್ಣು ಗಟ್ಟಿಯಾಗಿ ಬೇರು ಉಸಿರುಕಟ್ಟುತ್ತದೆ. ದರಗು (ಒಣ ಎಲೆ) ಹೊದಿಸುವುದು ಒಳ್ಳೆಯದೇ, ಮಣ್ಣು ಕೊಚ್ಚಿಹೋಗುವುದಿಲ್ಲ. ಆದರೆ ಕಾಂಡದ ಸುತ್ತ ಒಂದು ಗೇಣು ಬಿಟ್ಟು ಹೊದಿಸಿ. ಬೇಸಿಗೆಯ ಹಾಗೆ ಬುಡಕ್ಕೇ ಒತ್ತಿದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ.

ಕಷ್ಟಕಾಲಕ್ಕೆ ಒದಗುವುದು ಮಾತ್ರ ಈ ನಾಜೂಕಿನ ತರಕಾರಿಗಳಲ್ಲ. ಕೆಸು, ಚಕ್ರಮುನಿ, ಒಂದೆಲಗ, ನುಗ್ಗೆ, ಬಾಳೆ, ಮರಗೆಣಸು. ಇವಕ್ಕೆ ಆರೈಕೆಯೂ ಕಡಿಮೆ. ಚಕ್ರಮುನಿಯನ್ನು ಬೇಲಿಯ ಸಾಲಿಗೆ ಒಂದೊಂದಡಿಗೆ ಕಡ್ಡಿ ಊರಿದರೆ ಸಾಕು, ಎಷ್ಟು ಕೊಯ್ದರೂ ಚಿಗುರುತ್ತದೆ. ಮರಗೆಣಸಿನ ಗುಣವೇ ಬೇರೆ: ಕಿತ್ತ ಮೇಲೆ ಎರಡು ಮೂರು ದಿನಕ್ಕೆ ಒಳಗೆ ನೀಲಿಗಪ್ಪು ಗೆರೆ ಬಿದ್ದು ಕೆಡುತ್ತದೆ, ಕೀಳದೆ ಬಿಟ್ಟರೆ ಮಣ್ಣಿನಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಹಾಗಾಗಿ ಹಿಂದಿನ ವರ್ಷದ ನಾಲ್ಕೈದು ಗಿಡವನ್ನು ಕೀಳದೆ ಮಳೆಗಾಲಕ್ಕೆಂದೇ ಉಳಿಸಿ. ಅದು ಇಳಿಜಾರಿನಲ್ಲೋ ಏರಿಯ ಮೇಲೋ ಇರಬೇಕು. ನೀರು ನಿಲ್ಲುವ ಕಡೆ ಗೆಣಸು ಮೆತ್ತಗಾಗುತ್ತದೆ. ಬೇಯಿಸುವಾಗ ಮುಚ್ಚಳ ತೆಗೆದಿಟ್ಟು, ಬೆಂದ ನೀರನ್ನು ಚೆಲ್ಲಬೇಕು. ವಿಷದ ಅಂಶ ಕಡಿಮೆಯಾಗುವುದು ಹೀಗೆ, ಆದರೆ ಕಹಿ ಜಾತಿಯದರಲ್ಲಿ ಬರೀ ಬೇಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ. ಕಳಲೆಗೂ ಅದೇ ನ್ಯಾಯ: ಹೆಚ್ಚಿ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ಕೆಸುವಿಗೆ ಹುಳಿ ಮುಂದಾಗಿ ಬೀಳಬೇಕು, ವಾಟೆಹುಳಿಯೋ ಹುಣಸೆಯೋ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ.

ಗೊನೆ ಬಿಟ್ಟ ಬಾಳೆಗೆ ಗಾಳಿ ಬರುವ ಮೊದಲೇ ಕವೆಗೋಲು ಕೊಡಿ. ಬಿದ್ದರೂ ಹೋಯಿತು ಅನ್ನಬೇಡಿ. ಕಾಯಿ ಪಲ್ಯಕ್ಕೆ, ದಿಂಡು ಸಾಸಿವೆ ಎಂಬ ಮೊಸರುಗೊಜ್ಜಿಗೆ, ಹೂವು ಚಟ್ನಿಗೆ. ಮೂರು ದಿನದ ತರಕಾರಿ ಅಲ್ಲೇ ಆಯಿತು. ಬಸಳೆ ಜಡಿಮಳೆಗೆ ಎಲೆಯೆಲ್ಲ ಕೆಂಪು ಚುಕ್ಕೆ ಬಿದ್ದು ಹಾಳಾಗುತ್ತದೆ. ನಾಲ್ಕು ತುಂಡು ಬಳ್ಳಿಯನ್ನು ಕುಂಡದಲ್ಲಿ ನೆಟ್ಟು ಮಾಡಿನಡಿ ಇಟ್ಟುಕೊಳ್ಳಿ, ಬೀಜಕ್ಕಾದರೂ ಉಳಿಯುತ್ತದೆ.

ಕಾಳುಮೆಣಸು, ವೀಳ್ಯದ ಬಳ್ಳಿಗಳಿಗೆ ಜೂನ್ ಮೊದಲೇ ಒಂದು ಸಲ ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಬೇಕು. ತೋಟಕ್ಕೆ ಮಾಡುವವರು ಹೇಗೂ ಮಾಡುತ್ತಾರೆ. ಹಿತ್ತಲಿಗೆ ಮಾತ್ರ ಬೇಕಿದ್ದರೆ ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಿಗೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಿರಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹೊಯ್ದು ಮತ್ತೆ ಅದ್ದಿ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಮುಗಿಸಿ, ನಾಳೆ ಕೊಯ್ಯುವ ಸೊಪ್ಪಿಗೆ ಹೊಡೆಯಬೇಡಿ. ಬಸವನಹುಳಕ್ಕೆ ಔಷಧಿ ಹುಡುಕುವುದಕ್ಕಿಂತ ಸಂಜೆ ಒದ್ದೆ ಗೋಣಿ ಹಾಸಿ, ಅಡಿಗೆ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಗೋಣಿ ಮಗುಚಿದರೆ ಹುಳವೆಲ್ಲ ಅಲ್ಲಿರುತ್ತವೆ, ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಪಾತಿಗೇ ಉಪ್ಪು ಎರಚಿದರೆ ಗಿಡವೂ ಹೋಗುತ್ತದೆ.

ಹಿತ್ತಲಿಗೆ ಇಳಿಯುವಾಗ ಗಂಬೂಟು ಹಾಕಿ ಇಳಿಯಿರಿ. ಹಾವು, ಉಂಬಳದ (ಜಿಗಣೆಯ) ಮಾತು ಹಾಗಿರಲಿ, ಇಲಿಜ್ವರ ಬರುವುದೇ ಇಲಿ ಉಚ್ಚೆ ಸೇರಿದ ಕೆಸರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ. ಕೆಸರಿನ ಕೆಲಸ ಮಾಡಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿಕೊಂಡರೆ ಕಷಾಯ ಕುಡಿಯುತ್ತಾ ಕೂರದೆ ಡಾಕ್ಟರಿಗೆ ಹೇಳಿ, ಕೆಸರಿಗಿಳಿದದ್ದನ್ನೂ ಹೇಳಿ.

ಇನ್ನು ಉಗ್ರಾಣ. ನಾಲ್ಕು ಜನರಿಗೆ ಹತ್ತು ದಿನಕ್ಕೆ ಅಕ್ಕಿ 16 ಕೆಜಿ, ಬೇಳೆ ಕಾಳು ಸೇರಿ ಎರಡೂವರೆ, ಎಣ್ಣೆ ಒಂದೂವರೆ ಲೀಟರ್, ಬೆಲ್ಲ ಎರಡು ಕೆಜಿ, ಒಲೆ ಹಚ್ಚಲಾಗದ ದಿನಕ್ಕೆ ಅವಲಕ್ಕಿ ಎರಡು ಕೆಜಿ, ಹಾಲಿನ ಪುಡಿ ಅರ್ಧ ಕೆಜಿ. ದಿನಾ ತಿನ್ನುವುದನ್ನೇ ಇಡಿ. ವಿಶೇಷವೆಂದು ತಂದಿಟ್ಟದ್ದು ಹುಳ ಹಿಡಿದ ಮೇಲೆಯೇ ನೆನಪಾಗುವುದು. ಹಳೆಯದನ್ನು ಮುಂದಕ್ಕೆಳೆದು, ಹೊಸದನ್ನು ಹಿಂದೆ ತುಂಬಿ. ಬೇಳೆಯನ್ನು ಮೇ ಬಿಸಿಲಿಗೆ ಎರಡು ದಿನ ಒಣಗಿಸಿ, ಸಂಜೆ ನೆರಳಿನಲ್ಲಿ ಹರಡಿ ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಬೆಚ್ಚಗಿದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಸಲು ಬರುತ್ತದೆ. ಎಷ್ಟೋ ಮನೆಯಲ್ಲಿ ಒಣಗಿಸಿಯೂ ಕೆಡುವುದು ಈ ಆತುರಕ್ಕೇ. ಕೆಜಿಗೆ ಒಂದು ಸಣ್ಣ ಚಮಚ ಹರಳೆಣ್ಣೆ ಸವರಿಟ್ಟರೆ ಹುಳ ಮೊಟ್ಟೆ ಇಡುವುದು ಕಡಿಮೆ. ಅಕ್ಕಿಯನ್ನು ಮಾತ್ರ ಕಡುಬಿಸಿಲಿಗೆ ಹಾಕಬೇಡಿ, ಸೀಳಿ ನುಚ್ಚಾಗುತ್ತದೆ.

ಮಂಗಳೂರು ಸೌತೆಕಾಯಿ ಕಟ್ಟುವುದನ್ನು ಈಗಿನ ಮನೆಗಳಲ್ಲಿ ಬಿಟ್ಟೇಬಿಟ್ಟಿದ್ದಾರೆ. ಅದಕ್ಕಿಂತ ಅಗ್ಗದ ದಾಸ್ತಾನು ಇನ್ನೊಂದಿಲ್ಲ. ಬಣ್ಣ ತಿರುಗಿದ, ತೊಟ್ಟು ಸಮೇತ ಕೊಯ್ದ ಕಾಯಿ ಬೇಕು. ಬಾಳೆನಾರನ್ನು ನೆನೆಸಿ, ಕಾಯಿಯ ಎರಡು ಕಡೆ ಸುತ್ತು ಹಾಕಿ, ನಡುವೆ ಕುಣಿಕೆ ಬಿಟ್ಟು ಪಕಾಸಿಗೆ (ಮಾಡಿನ ಮರದ ಪಟ್ಟಿಗೆ) ಒಂದೊಂದಾಗಿ ತೂಗುಹಾಕಿ. ಒಂದಕ್ಕೊಂದು ತಾಗಬಾರದು. ತಾಗಿದ ಜಾಗದಲ್ಲಿ ತೇವ ನಿಂತು ಕೊಳೆಯುತ್ತದೆ, ಒಂದು ಕೊಳೆತರೆ ಪಕ್ಕದ್ದಕ್ಕೂ ಇಳಿಯುತ್ತದೆ. ಒಲೆಯ ಹೊಗೆ ಸುಳಿಯುವ ಕಡೆಯಾದರೆ ಮೂರು ನಾಲ್ಕು ತಿಂಗಳು ಚಿಂತೆಯಿಲ್ಲ. ವಾರಕ್ಕೊಮ್ಮೆ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಮೆತ್ತಗಾದದ್ದು ಆವತ್ತಿನ ಹುಳಿಗೆ. ಪೆಟ್ಟು ಬಿದ್ದ ಕಾಯಿಯನ್ನು ಕಟ್ಟಲೇ ಬೇಡಿ. ಬೂದುಗುಂಬಳದ ಬೂದಿಯನ್ನು ಚೊಕ್ಕಟ ಮಾಡುತ್ತೇನೆಂದು ಒರೆಸಬೇಡಿ, ಕಾಯಿಯನ್ನು ಕಾಯುವುದೇ ಆ ಬೂದಿ.

ಹಲಸಿನ ಉಪ್ಪುಸೊಳೆಗೆ ಬಲಿತ, ಹಣ್ಣಾಗದ ಕಾಯಿಯ ಸೊಳೆ. ಐದು ಕೆಜಿಗೆ ಒಂದು ಕೆಜಿ ಕಲ್ಲುಪ್ಪು, ಪದರ ಪದರವಾಗಿ ಹಾಕಿ. ಎರಡು ದಿನಕ್ಕೆ ನೀರು ಬಿಡುತ್ತದೆ. ಆಗ ಮೇಲೆ ಬಾಳೆಎಲೆ ಹಾಸಿ, ತೊಳೆದೊಣಗಿಸಿದ ಕಲ್ಲು ಹೇರಿ. ಒಂದು ಸೊಳೆಯೂ ನೀರಿನಿಂದ ಮೇಲೆ ಬರಕೂಡದು. ತೇಲಿದ ಸೊಳೆಗೇ ಮೊದಲು ಬೂಸಲು ಬರುವುದು. ತೆಗೆಯುವಾಗ ಒಣಗಿದ ಮರದ ಸೌಟು, ಬೇಯಿಸುವ ಮೊದಲು ಎರಡು ನೀರಿನಲ್ಲಿ ನೆನೆಸಿ ಹಿಂಡುವುದು.

ಸೌದೆಯನ್ನು ಸೀಳಿಯೇ ಒಟ್ಟಬೇಕು, ದುಂಡಗಿನ ತುಂಡು ಒಳಗೆ ಒಣಗಿರುವುದಿಲ್ಲ. ನೆಲಕ್ಕೆ ತಾಗದ ಹಾಗೆ ಅಡಿಕೆ ದಬ್ಬೆ ಹಾಸಿ, ಗೋಡೆಗೂ ಸೌದೆಗೂ ಒಂದು ಗೇಣು ಸಂದು ಬಿಡಿ. ಗೆದ್ದಲು ಹತ್ತಿದರೆ ಕಾಣಬೇಕಲ್ಲ. ಬೆಂಕಿ ಹೊತ್ತಿಸಲು ಅಡಿಕೆ ಸಿಪ್ಪೆ, ಗರಟೆ ಎರಡು ಚೀಲ ಬೇರೆ ಇರಲಿ. ಬೆಂಕಿಪೊಟ್ಟಣವನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಒಂದು ಹಿಡಿ ಹುರಿದ ಅಕ್ಕಿಯ ಜೊತೆ ಇಟ್ಟರೆ ತಂಡಿ ಹಿಡಿಯುವುದಿಲ್ಲ. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಅದರ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಗ್ಯಾಸಿನ ರಬ್ಬರ್ ಪೈಪಿಗೆ ಐದು ವರ್ಷವಾಗಿದ್ದರೆ ಮಳೆಗೆ ಮೊದಲೇ ಬದಲಿಸಿ. ಸೋರಿಕೆಯ ಅನುಮಾನವಿದ್ದರೆ ಸೋಪಿನ ನೊರೆ ಸವರಿ ಗುಳ್ಳೆ ಬರುತ್ತದೋ ನೋಡಿ. ಕಡ್ಡಿ ಗೀರಿ ನೋಡುವ ಸಾಹಸ ಬೇಡ. ಸೋರಿಕೆಗೆ ಕರೆಯುವ ನಂಬರು 1906.

ನೀರಿನ ವಿಷಯದಲ್ಲಿ ದೊಡ್ಡ ತಮಾಷೆಯೆಂದರೆ, ಅಂಗಳವೆಲ್ಲ ನೀರು, ಕುಡಿಯಲು ಗುಟುಕಿಲ್ಲ. ಪಂಪು ಬಂದ ಮೇಲೆ ಬಾವಿಯ ರಾಟೆ ಕಿತ್ತು ಅಟ್ಟಕ್ಕೆ ಹಾಕಿದ ಮನೆಗಳೇ ಹೆಚ್ಚು. ಅದನ್ನಿಳಿಸಿ, ಎಣ್ಣೆ ಬಿಟ್ಟು ಕೂರಿಸಿ, ಹಗ್ಗ ಹೊಸದಿರಲಿ. ಬಾವಿಗೆ ಕೆಸರುನೀರು ನುಗ್ಗಿದರೆ ಬ್ಲೀಚಿಂಗ್ ಪೌಡರ್ ಹಾಕಬೇಕು, ಅದಕ್ಕೆ ಅಳತೆಯುಂಟು. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ (ಅಳತೆ ಮೀಟರಿನಲ್ಲಿರಲಿ). ಎರಡು ಮೀಟರ್ ವ್ಯಾಸ, ಮೂರು ಮೀಟರ್ ನೀರಿದ್ದರೆ 9420 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಸುಮಾರು 24 ಗ್ರಾಂ, ನೀರು ಕದಡಿದ್ದರೆ ಅದರ ಎರಡರಷ್ಟು. ಬಕೆಟ್ಟಿನಲ್ಲಿ ಹಿಟ್ಟಿನಂತೆ ಕಲಸಿ, ನೀರು ಸೇರಿಸಿ ಹತ್ತು ನಿಮಿಷ ಬಿಡಿ. ತಳಕ್ಕಿಳಿದ ಸುಣ್ಣವನ್ನು ಬಿಟ್ಟು ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿದರೆ ಬೆಳಿಗ್ಗೆ ಸೇದಬಹುದು. ಪೌಡರು ತಂಡಿಗೆ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಹೊಡೆಯುವ ವಾಸನೆ ಇಲ್ಲವೆಂದರೆ ಅದು ಬರೀ ಸುಣ್ಣ. ಕುಡಿಯುವ ನೀರನ್ನು ಆಮೇಲೂ ಕೊತಕೊತ ಕುದಿಸಿಯೇ ಕುಡಿಯಿರಿ. ಭೇದಿಯಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಇನ್ವರ್ಟರ್ ಇದ್ದವರು ಅದರ ಶಕ್ತಿಯನ್ನು ತಿಳಿದು ಖರ್ಚು ಮಾಡಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ, ಆಯುಸ್ಸು ಉಳಿಯಬೇಕಾದರೆ ಬಳಸಬೇಕಾದ್ದು ಅರ್ಧ. ಒಂಬತ್ತು ವ್ಯಾಟಿನ ನಾಲ್ಕು ಬಲ್ಬಿಗೆ, ಇನ್ವರ್ಟರು ತಾನೇ ತಿನ್ನುವುದೂ ಸೇರಿ, ಹದಿನೆಂಟು ಗಂಟೆ ಬರುತ್ತದೆ. ರಾತ್ರಿಗೆ ನಾಲ್ಕು ಗಂಟೆಯಂತೆ ನಾಲ್ಕು ರಾತ್ರಿ. ಅದೇ ಟಿವಿ, ಫ್ಯಾನು, ಮಿಕ್ಸಿ ಎಂದು ಎಳೆದರೆ ಎರಡನೇ ದಿನವೇ ಕತ್ತಲು. ಪೂರ್ತಿ ಬರಿದಾದ ಬ್ಯಾಟರಿ ಹಾಗೇ ದಿನಗಟ್ಟಲೆ ಇದ್ದರೆ ಸೀಸದ ಪ್ಲೇಟಿಗೆ ಬಿಳಿ ಗಟ್ಟಿ ಪದರ ಹತ್ತಿ ಮತ್ತೆ ಮೊದಲಿನಂತೆ ಚಾರ್ಜ್ ಹಿಡಿಯುವುದಿಲ್ಲ. ಡಿಸ್ಟಿಲ್ಡ್ ವಾಟರನ್ನು ಮೇ ತಿಂಗಳಲ್ಲೇ ತುಂಬಿಸಿ. ಬಾವಿ ನೀರು ಹೊಯ್ಯಬೇಡಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಯಾವಾಗಲೂ ಮೂರು ವಾರದ್ದು ಮುಂದಾಗಿ ಇರಲಿ. ಬಳಸುತ್ತಿರುವ ಇನ್ಸುಲಿನ್ ಮಳೆಗಾಲದ ತಂಪಿನಲ್ಲಿ ಫ್ರಿಜ್ ಇಲ್ಲದೆಯೂ ಸಾಮಾನ್ಯವಾಗಿ ನಾಲ್ಕು ವಾರ ತಾಳುತ್ತದೆ, ಪೆಟ್ಟಿಗೆಯ ಚೀಟಿ ಓದಿ ಖಚಿತ ಮಾಡಿಕೊಳ್ಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ದಬ್ಬೆ ಕಟ್ಟಿ, ಉಂಗುರ ಬಳೆ ತೆಗೆದು, ನಡೆಸದೆ ಹೊತ್ತುಕೊಂಡು ಹೋಗಿ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿದೆಯೆಂದು ಮೊದಲೇ ವಿಚಾರಿಸಿಟ್ಟಿರಿ.

ಧರೆಯ, ಅಂದರೆ ಮನೆ ಪಕ್ಕದ ಕಡಿದಾದ ಮಣ್ಣಿನ ದಿಬ್ಬದ, ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಇಳಿದದ್ದನ್ನು ಎಲ್ಲರೂ ಕಂಡಿದ್ದೇವೆ. ಮನೆ ಹಿಂದೆ ಧರೆ ಕಡಿದಿದ್ದರೆ ಅದರ ಮೇಲಂಚಿನಿಂದ ಆಚೆಗೆ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಹಾಯಿಸಿ, ದರಗು ಕಟ್ಟದಂತೆ ವಾರಕ್ಕೊಮ್ಮೆ ಕೆರೆಯಿರಿ. ಇಂಗುಗುಂಡಿ ಒಳ್ಳೆಯದೆಂದು ಧರೆಯ ತಲೆಯ ಮೇಲೆ ತೋಡುವವರಿದ್ದಾರೆ. ಅದು ಗುಡ್ಡಕ್ಕೆ ನೀರು ಕುಡಿಸಿ ಮನೆಯ ಮೇಲೆ ಬೀಳಿಸುವ ಕೆಲಸ. ಬಾಳೆಯನ್ನೂ ಅಲ್ಲಿ ನೆಡಬೇಡಿ, ಭಾರ ಜಾಸ್ತಿ, ಬೇರು ಮೇಲೆಮೇಲೆ. ಲಾವಂಚವನ್ನು ಅರ್ಧ ಅಡಿಗೊಂದರಂತೆ ಸಾಲಾಗಿ ಜೂನ್ ಮೊದಲ ಮಳೆಗೆ ನೆಡಿ; ಬೇರು ಎರಡು ಮೂರು ಮೀಟರ್ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಆದರೆ ಅದಕ್ಕೆ ಎರಡು ಮೂರು ಮಳೆಗಾಲ ಬೇಕು.

ಧರೆಯ ಮೇಲೆ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಸರಿಯಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಇದರಲ್ಲಿ ಒಂದು ಕಂಡರೂ ಆ ರಾತ್ರಿ ಮನೆಯಲ್ಲಿ ಮಲಗಬೇಡಿ. ಜಡಿಮಳೆಯ ದಿನಗಳಲ್ಲಿ ಹೇಗೂ ಧರೆಯ ಬದಿಯ ಕೋಣೆ ಬಿಟ್ಟು ಜಗಲಿಯ ಕಡೆಗೆ ಹಾಸಿಗೆ ಹಾಕಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸಿಗೆ 108, ಪೊಲೀಸ್ ಬೆಂಕಿ ಎಲ್ಲಕ್ಕೂ 112, ಕರೆಂಟಿಗೆ 1912. ಕ್ಯಾಲೆಂಡರಿನ ಪಕ್ಕ ಗೋಡೆಗೆ ದೊಡ್ಡಕ್ಷರದಲ್ಲಿ ಬರೆದಿಡಿ. ಆದರೆ ಫೋನು ನಡೆಯದ ರಾತ್ರಿಯೇ ಇವು ಬೇಕಾಗುವುದು. ಆದ್ದರಿಂದ ಯಾರ ಮನೆಗೆ, ಯಾವ ದಾರಿಯಲ್ಲಿ ಹೋಗುವುದು, ಕಾಗದಪತ್ರದ ಚೀಲ ಯಾರು ಹಿಡಿಯುವುದು, ಕೊಟ್ಟಿಗೆಯ ದನದ ಕಣ್ಣಿ ಯಾರು ಬಿಚ್ಚುವುದು ಎಂಬುದನ್ನು ಮೇ ತಿಂಗಳಲ್ಲೇ ಮಾತಾಡಿಕೊಳ್ಳಿ. ಆ ಮನೆಯವರಿಗೂ ಒಂದು ಮಾತು ಹೇಳಿಟ್ಟಿರಿ.